ಪೀಣ್ಯದಿಂದ ಹ್ಯಾನೋವರ್‌ಗೆ: ಕೈಗಾರಿಕಾ ಮೇಳಕ್ಕೆ ಹೊರಟವರ ಪ್ರಯಾಣ ಕೈಪಿಡಿ

ಜರ್ಮನಿಯ ಹ್ಯಾನೋವರ್ ನಗರದಲ್ಲಿ ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ಗೆ ನಡೆಯುವ ಕೈಗಾರಿಕಾ ಮೇಳದ ಹೆಸರು ಹ್ಯಾನೋವರ್ ಮೆಸ್ಸೆ. ಮೆಸ್ಸೆ ಅಂದರೆ ಊಟದ ಮೆಸ್ ಅಲ್ಲ, ಜರ್ಮನ್ ಭಾಷೆಯಲ್ಲಿ ವ್ಯಾಪಾರ ಮೇಳ. 1947ರಲ್ಲಿ ಶುರುವಾದ ಈ ಮೇಳಕ್ಕೆ 2006ರಲ್ಲೂ 2015ರಲ್ಲೂ ಭಾರತವೇ ಪಾಲುದಾರ ದೇಶವಾಗಿತ್ತು. ಪೀಣ್ಯದ ಮಷೀನ್ ಶಾಪ್, ಬೆಳಗಾವಿಯ ಫೌಂಡ್ರಿ, ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಯವರಿಗೆ ಯುರೋಪಿನ ಗಿರಾಕಿಗಳನ್ನು ಒಂದೇ ಜಾಗದಲ್ಲಿ ಕಾಣಲು ಇದಕ್ಕಿಂತ ಒಳ್ಳೆಯ ವಾರ ಇನ್ನೊಂದಿಲ್ಲ. ಆದರೆ ಈ ಪ್ರಯಾಣ ಕೆಡುವುದು ಜರ್ಮನಿಯಲ್ಲಲ್ಲ. ಹೊರಡುವ ಎರಡು ಮೂರು ತಿಂಗಳ ಮೊದಲೇ, ನಮ್ಮೂರಿನಲ್ಲೇ, ಕಾಗದಪತ್ರ ಹೊಂದಿಸುವ ಹೊತ್ತಿನಲ್ಲಿ ಕೆಡುತ್ತದೆ. ಅದಕ್ಕೇ ಈ ಬರಹದ ಅರ್ಧಪಾಲು ಹೊರಡುವ ಮುಂಚಿನ ಕೆಲಸಕ್ಕೇ ಮೀಸಲು.

ಮೊದಲು ಹೆಸರು ಸರಿಮಾಡಿಕೊಳ್ಳಿ

ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಎಚ್. ಆರ್. ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ್ ಹೊಸಹಳ್ಳಿ ರಾಮಯ್ಯ’, ಬ್ಯಾಂಕಿನಲ್ಲಿ ‘ಮಂಜುನಾಥ ಎಚ್‌ಆರ್’. ಇಲ್ಲಿ ಯಾರಿಗೂ ಇದು ತೊಡಕಲ್ಲ. ವೀಸಾ ಕೌಂಟರಿನಲ್ಲಿ ಮಾತ್ರ ಇವು ಮೂರು ಬೇರೆ ಬೇರೆ ಮನುಷ್ಯರಾಗುತ್ತವೆ.

ಇದಕ್ಕೆ ನಿಯಮ ಒಂದೇ: ಪಾಸ್‌ಪೋರ್ಟಿನಲ್ಲಿ ಅಕ್ಷರ ಹೇಗಿದೆಯೋ ಹಾಗೇ ಎಲ್ಲ ಕಡೆ. ಮೇಳದ ನೋಂದಣಿ, ಜರ್ಮನ್ ಕಂಪನಿಯ ಆಹ್ವಾನ ಪತ್ರ, ನಿಮ್ಮ ಕಂಪನಿಯ ಪತ್ರ, ವಿಮೆ, ಹೋಟೆಲ್, ವಿಮಾನದ ಟಿಕೆಟ್ ಎಲ್ಲವೂ ಅದೇ ಕಾಗುಣಿತದಲ್ಲಿ ಇರಲಿ. ಬ್ಯಾಂಕಿನ ಹೆಸರು ಬೇರೆಯಿದ್ದರೆ ‘ಇವರಿಬ್ಬರೂ ಒಬ್ಬರೇ’ ಎಂದು ಕಂಪನಿಯ ಪತ್ರದಲ್ಲೇ ಒಂದು ಸಾಲು ಬರೆಸಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಟಿಕೆಟ್ ಬುಕ್ ಮಾಡುವ ಮುಂಚೆ ವಿಮಾನ ಸಂಸ್ಥೆಯನ್ನೇ ಕೇಳಿ. ಕೆಲವರು ಇದ್ದ ಹೆಸರನ್ನೇ ಎರಡೂ ಕಡೆ ಹಾಕಿಸುತ್ತಾರೆ, ಕೆಲವರು ಹೆಸರನ್ನು ಸರ್‌ನೇಮ್ ಜಾಗಕ್ಕೆ ತಂದು ಮೊದಲ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ತುಂಬಿಸುತ್ತಾರೆ. ಊಹೆ ಮೇಲೆ ಬುಕ್ ಮಾಡಿ ಆಮೇಲೆ ತಿದ್ದಿಸಲು ಹೋದರೆ ದುಡ್ಡು ಹೋಗುತ್ತದೆ.

ಪಾಸ್‌ಪೋರ್ಟನ್ನೂ ಈಗಲೇ ತೆರೆದು ನೋಡಿ. ಅದು ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪಿನಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟವಾದರೂ ಖಾಲಿಯಿರಬೇಕು.

ದಿನ ಹಿಂದಕ್ಕೆ ಎಣಿಸುವುದು

ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತಡವೆಂದರೆ 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆಂದರೆ 45 ದಿನದವರೆಗೆ ಹೋಗಬಹುದು. ಕಾಗದದ ಮೇಲಿನ ಲೆಕ್ಕ ಇದು. ನಿಜವಾದ ಗಂಟಲ ಮುಳ್ಳು ಅಪಾಯಿಂಟ್‌ಮೆಂಟ್. ಏಪ್ರಿಲ್ ಮೇಳಕ್ಕೆ ಹೋಗುವವರು ಫೆಬ್ರುವರಿ–ಮಾರ್ಚ್‌ನಲ್ಲಿ ಸ್ಲಾಟ್ ಹುಡುಕುವಾಗಲೇ ಬೇಸಿಗೆ ರಜೆಗೆ ಯುರೋಪಿಗೆ ಹೊರಟ ಕುಟುಂಬಗಳೂ ಅದೇ ಸ್ಲಾಟಿಗೆ ಬಿದ್ದಿರುತ್ತವೆ.

ಹಾಗಾಗಿ ಏಪ್ರಿಲ್ ಮೂರನೇ ವಾರದ ಮೇಳಕ್ಕೆ ಹೀಗೆ ಲೆಕ್ಕ ಹಾಕಿ: ನವೆಂಬರ್‌ನಲ್ಲಿ ರೂಮು, ಡಿಸೆಂಬರ್‌ನಲ್ಲಿ ಆಹ್ವಾನ ಪತ್ರ, ಜನವರಿಯಲ್ಲಿ ವೀಸಾ ಅರ್ಜಿ, ಮಾರ್ಚ್ ಹೊತ್ತಿಗೆ ಭೇಟಿಗಳ ವೇಳಾಪಟ್ಟಿ. ವೀಸಾಕ್ಕಿಂತ ಮುಂಚೆ ರೂಮು ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ವೀಸಾ: ಕ್ರಮವಾಗಿ

1. ಬೇಕಾದದ್ದು ಸಿ ವರ್ಗದ ಷೆಂಗೆನ್ ವೀಸಾ, ಉದ್ದೇಶ ‘ಬಿಸಿನೆಸ್’. ಯಾವುದೇ 180 ದಿನದಲ್ಲಿ ಒಟ್ಟು 90 ದಿನದವರೆಗೆ ಇರಲು ಅವಕಾಶ. ಪ್ರವಾಸಿ ವೀಸಾದಲ್ಲಿ ಹೋದರಾಯಿತು ಎಂದು ಏಜೆಂಟರು ಹೇಳುವುದುಂಟು. ಗಡಿಯಲ್ಲಿ ಕೈಚೀಲ ತುಂಬ ಕ್ಯಾಟಲಾಗ್ ಇಟ್ಟುಕೊಂಡು ‘ಊರು ನೋಡಲು ಬಂದೆ’ ಎನ್ನಬೇಕಾದ ಕಷ್ಟ ಯಾಕೆ?

2. ಯಾವ ದೇಶಕ್ಕೆ ಅರ್ಜಿ? ಮುಖ್ಯ ಉದ್ದೇಶದ ದೇಶಕ್ಕೆ, ಅಥವಾ ಹೆಚ್ಚು ದಿನ ಇರುವ ದೇಶಕ್ಕೆ. ಎಲ್ಲ ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಳಕ್ಕೆ 4 ದಿನ, ಆಮೇಲೆ ಇಟಲಿಯಲ್ಲಿ 6 ದಿನ ಸುತ್ತಾಟ ಎಂದು ಬರೆದು ಜರ್ಮನಿಗೆ ಅರ್ಜಿ ಹಾಕಿದರೆ ಪ್ರಶ್ನೆ ಏಳುತ್ತದೆ. ಕಾರ್ಯಕ್ರಮವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

3. ಜರ್ಮನಿಯ ಅರ್ಜಿಯನ್ನು ವಿಡೆಕ್ಸ್ ಎಂಬ ಆನ್‌ಲೈನ್ ನಮೂನೆಯಲ್ಲಿ ತುಂಬಿ, ಬಾರ್‌ಕೋಡ್ ಪುಟದ ಸಮೇತ ಪ್ರಿಂಟ್ ತೆಗೆದು ಸಹಿ ಹಾಕಿ. ಬಾರ್‌ಕೋಡ್ ಮಸುಕಾಗಿ ಬಂದರೆ ಕೌಂಟರಿನಲ್ಲಿ ಓದುವುದಿಲ್ಲ.

4. ವೀಸಾ ಅರ್ಜಿ ಪಡೆಯುವ ಸಂಸ್ಥೆಯಾದ ವಿಎಫ್‌ಎಸ್‌ನ ಬೆಂಗಳೂರು ಕೇಂದ್ರದಲ್ಲಿ ದಾಖಲೆ, ಬೆರಳಚ್ಚು ಕೊಡಬೇಕು. ಕಳೆದ 59 ತಿಂಗಳಲ್ಲಿ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟಿದ್ದರೆ ಅದನ್ನೇ ಬಳಸಬಹುದು, ಅರ್ಜಿಯಲ್ಲಿ ನಮೂದಿಸಿ. 2024ರ ಜೂನ್ 11ರಿಂದ ವಯಸ್ಕರಿಗೆ ಶುಲ್ಕ 90 ಯುರೊ. ವಿಎಫ್‌ಎಸ್ ಸೇವಾ ಶುಲ್ಕ ಬೇರೆ. ವೀಸಾ ತಿರಸ್ಕೃತವಾದರೂ ಶುಲ್ಕ ವಾಪಸ್ ಇಲ್ಲ.

5. ಜೊತೆಗೆ ಕೊಡುವ ಮುಖ್ಯ ಕಾಗದಗಳು: 35×45 ಮಿಲಿಮೀಟರ್ ಫೋಟೊ, ಜರ್ಮನ್ ಕಂಪನಿಯ ಆಹ್ವಾನ ಅಥವಾ ಮೇಳದ ಟಿಕೆಟ್, ನಿಮ್ಮ ಕಂಪನಿಯ ಪತ್ರ, ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ವಸತಿ ಮತ್ತು ವಿಮಾನದ ಬುಕಿಂಗ್, ಕನಿಷ್ಠ 30,000 ಯುರೊ ರಕ್ಷಣೆಯ ಪ್ರಯಾಣ ವೈದ್ಯಕೀಯ ವಿಮೆ. ವಿಮೆ ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸಬೇಕು. ಅಂತಿಮ ಪಟ್ಟಿಯನ್ನು ಅರ್ಜಿ ಹಾಕುವ ವಾರದಲ್ಲಿ ವಿಎಫ್‌ಎಸ್ ತಾಣದಿಂದಲೇ ತೆಗೆದುಕೊಳ್ಳಿ. ಗೆಳೆಯರು ಹೋದ ವರ್ಷ ಇಟ್ಟುಕೊಂಡ ಪಟ್ಟಿ ನಂಬಬೇಡಿ.

ಇವುಗಳಲ್ಲಿ ತೂಕದ ಕಾಗದ ಕಂಪನಿಯ ಪತ್ರ. ‘ಮೇಳಕ್ಕೆ ಕಳಿಸುತ್ತಿದ್ದೇವೆ, ದಯವಿಟ್ಟು ವೀಸಾ ಕೊಡಿ’ ಎಂಬ ಎರಡು ಸಾಲಿನ ಪತ್ರ ಸಾಲದು. ಹೋಗುವವರ ಹುದ್ದೆ, ಎಷ್ಟು ವರ್ಷದಿಂದ ಕೆಲಸ, ಯಾವ ದಿನ ಯಾವ ಕಂಪನಿಯವರ ಭೇಟಿ, ಖರ್ಚು ಯಾರದು, ವಾಪಸ್ ಬಂದು ಕೆಲಸಕ್ಕೆ ಹಾಜರಾಗುವ ದಿನ ಯಾವುದು, ಇಷ್ಟೂ ಇರಬೇಕು. ಮಾಲೀಕರೇ ಹೋಗುವಾಗ ಪತ್ರಕ್ಕೆ ತಾವೇ ಸಹಿ ಹಾಕಿಕೊಳ್ಳಬೇಕಾಗುತ್ತದೆ. ಪಾಲುದಾರರೋ ಇನ್ನೊಬ್ಬ ನಿರ್ದೇಶಕರೋ ಇದ್ದರೆ ಅವರಿಂದ ಹಾಕಿಸಿ. ಖಾತೆಗೆ ಅರ್ಜಿಯ ಹಿಂದಿನ ವಾರ ದಿಢೀರನೆ ದೊಡ್ಡ ಮೊತ್ತ ಬಂದು ಕೂತಿದ್ದರೆ ಅದಕ್ಕೂ ವಿವರಣೆ ಬೇಕು. ಕೈಸಾಲ ತಂದು ಬ್ಯಾಲೆನ್ಸ್ ತೋರಿಸುವ ಹಳೆಯ ಉಪಾಯ ಅವರಿಗೆ ಚೆನ್ನಾಗಿಯೇ ಗೊತ್ತು.

ವೀಸಾ ಕೈಗೆ ಬಂದ ಕೂಡಲೇ ಹೆಸರು, ಪಾಸ್‌ಪೋರ್ಟ್ ನಂಬರ್, ಚಾಲ್ತಿ ದಿನಾಂಕ, ಇರಬಹುದಾದ ದಿನಗಳ ಸಂಖ್ಯೆ, ಪ್ರವೇಶಗಳ ಸಂಖ್ಯೆ ನೋಡಿ. ಚಾಲ್ತಿಯ ಅವಧಿಯೂ ಇರಬಹುದಾದ ದಿನಗಳೂ ಬೇರೆ ಬೇರೆ. ಸ್ಟಿಕ್ಕರ್ ಮೇಲೆ 25 ದಿನದ ಅವಧಿ ಇದ್ದು ಇರಬಹುದಾದ ದಿನ 10 ಎಂದಿದ್ದರೆ 10 ದಿನವೇ ಲೆಕ್ಕ.

ಪದೇ ಪದೇ ಹೋಗುವವರಿಗೆ ಒಂದು ಅನುಕೂಲ ಇದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ಬಂದ ನಿಯಮದ ಪ್ರಕಾರ, ಹಿಂದಿನ 3 ವರ್ಷದಲ್ಲಿ 2 ಷೆಂಗೆನ್ ವೀಸಾ ಪಡೆದು ನಿಯಮಬದ್ಧವಾಗಿ ಬಳಸಿದವರು 2 ವರ್ಷದ ಬಹುಪ್ರವೇಶ ವೀಸಾಕ್ಕೂ, ಅದಾದ ಮೇಲೆ 5 ವರ್ಷದ್ದಕ್ಕೂ ಅರ್ಹರಾಗುತ್ತಾರೆ. ಹಳೆಯ ವೀಸಾಗಳ ಪ್ರತಿ ಜೋಪಾನವಾಗಿಡಿ.

ರೂಮು: ಹ್ಯಾನೋವರ್‌ನ ಅಸಲಿ ಕಷ್ಟ

ಮೇಳದ ಮೈದಾನ ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಊರು ಮಾತ್ರ ಅಷ್ಟು ದೊಡ್ಡದಲ್ಲ. ಮೇಳದ ವಾರ ಹೋಟೆಲ್ ದರ ಹಲವು ಪಟ್ಟು ಏರುತ್ತದೆ, ಜನವರಿ ಹೊತ್ತಿಗೆ ಒಳ್ಳೆಯ ರೂಮುಗಳು ಮುಗಿದಿರುತ್ತವೆ. ವೀಸಾ ಅರ್ಜಿಗೂ ವಸತಿಯ ಬುಕಿಂಗ್ ಬೇಕು. ಹಾಗಾಗಿ ನವೆಂಬರ್‌ನಲ್ಲೇ ರದ್ದು ಮಾಡಬಹುದಾದ ರೂಮನ್ನು ಹಿಡಿದಿಟ್ಟುಕೊಳ್ಳಿ.

ಊರವರು ಮೇಳದ ವಾರ ತಮ್ಮ ಮನೆಯ ಒಂದು ಕೋಣೆಯನ್ನೇ ಬಾಡಿಗೆಗೆ ಕೊಡುವ ಪದ್ಧತಿ ಹ್ಯಾನೋವರ್‌ನಲ್ಲಿ ಹಿಂದಿನಿಂದಲೂ ಇದೆ. ಅದನ್ನು ಮೆಸ್ಸೆತ್ಸಿಮ್ಮರ್ ಎನ್ನುತ್ತಾರೆ. ಹೋಟೆಲಿಗಿಂತ ಅಗ್ಗ, ಅಡುಗೆಮನೆಯೂ ಸಿಕ್ಕರೆ ಸಸ್ಯಾಹಾರಿಗಳಿಗೆ ಹಬ್ಬ. ಸ್ನಾನದ ಮನೆ ಹಂಚಿಕೊಳ್ಳಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ದಾರಿ ಪಕ್ಕದ ಊರಲ್ಲಿ ಉಳಿಯುವುದು. ಹಿಲ್ಡೆಸ್‌ಹೈಮ್‌ನಿಂದ ಬರುವ ಎಸ್4 ಲೋಕಲ್ ರೈಲು ಮೈದಾನದ ಪಕ್ಕದ ಹ್ಯಾನೋವರ್ ಮೆಸ್ಸೆ/ಲಾಟ್ಸೆನ್ ನಿಲ್ದಾಣದಲ್ಲೇ ನಿಲ್ಲುತ್ತದೆ, ಊರೊಳಗೆ ಹೋಗುವ ಗೋಜೇ ಇಲ್ಲ. ಸೆಲ್ಲೆ, ಬ್ರೌನ್‌ಷ್ವೈಗ್, ಗ್ಯೊಟಿಂಗೆನ್ ಕೂಡ ರೈಲಿನಲ್ಲಿ ಒಂದು ಗಂಟೆಯೊಳಗಿನ ದೂರ. ನಮ್ಮ ಆಯ್ಕೆ ಹಿಲ್ಡೆಸ್‌ಹೈಮ್.

ಒಂದು ಎಚ್ಚರಿಕೆ. ಮೇಳಕ್ಕೆ ನೋಂದಾಯಿಸಿದ ಮೇಲೆ ‘ನಾವು ಮೇಳದ ಅಧಿಕೃತ ವಸತಿ ಏಜೆಂಟರು’ ಎಂದು ಫೋನ್, ಇಮೇಲ್ ಬಂದರೆ ಕಾರ್ಡ್ ನಂಬರ್ ಕೊಡಬೇಡಿ. ಪ್ರದರ್ಶಕರ ಪಟ್ಟಿ ನೋಡಿಕೊಂಡು ಬಲೆ ಬೀಸುವವರು ಪ್ರತಿ ದೊಡ್ಡ ಮೇಳಕ್ಕೂ ಇದ್ದಾರೆ. ನಿಜವಾದ ವಸತಿ ಪಾಲುದಾರರು ಯಾರೆಂಬುದು ಮೇಳದ ಸ್ವಂತ ತಾಣದಲ್ಲಿ ಸಿಗುತ್ತದೆ.

ವಿಮಾನ ಮತ್ತು ರೈಲು

ಬೆಂಗಳೂರಿನಿಂದ ಹ್ಯಾನೋವರ್‌ಗೆ ನೇರ ವಿಮಾನವಿಲ್ಲ. ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ವರೆಗೆ, ಕೆಎಲ್‌ಎಂನಲ್ಲಿ ಆಮ್‌ಸ್ಟರ್‌ಡಾಮ್‌ವರೆಗೆ ಹೋಗಿ ಅಲ್ಲಿಂದ ಚಿಕ್ಕ ವಿಮಾನ ಹಿಡಿಯಬಹುದು. ಗಲ್ಫ್ ದಾರಿಯಲ್ಲಿ ಹ್ಯಾಂಬರ್ಗ್‌ಗೆ ಬಂದರೆ ಅಲ್ಲಿಂದ ಐಸಿಇ ಎಂಬ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಲಂಡನ್ ದಾರಿ ಅಗ್ಗವಾಗಿ ಕಂಡರೆ ತಡೆಯಿರಿ. ಭಾರತೀಯ ಪಾಸ್‌ಪೋರ್ಟಿನವರಿಗೆ ಅಲ್ಲಿ ವಿಮಾನ ಬದಲಿಸಲೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ, ಅಲ್ಪಾವಧಿಯ ಷೆಂಗೆನ್ ವೀಸಾ ಇದ್ದರೆ ವಿನಾಯಿತಿ ಸಿಗುವುದಿಲ್ಲ.

ಯುರೋಪಿನ ಎಷ್ಟೋ ವಿಮಾನಗಳು ಬೆಂಗಳೂರಿನಿಂದ ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. 18ರ ಬೆಳಗಿನ ಜಾವ 2 ಗಂಟೆಯ ವಿಮಾನವೆಂದರೆ 17ರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. 18ರ ರಾತ್ರಿ ಸೂಟ್‌ಕೇಸ್ ಹಿಡಿದು ಬರುವವರಿಗೆ ವಿಮಾನ ಸಂಸ್ಥೆಯ ಸಿಬ್ಬಂದಿ ಏನೂ ಮಾಡಲಾರರು. ಅಂತರರಾಷ್ಟ್ರೀಯ ವಿಮಾನಗಳೆಲ್ಲ ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಿಂದ. ಮೈಸೂರಿನವರಿಗೆ ನೇರವಾಗಿ ಫ್ಲೈಬಸ್ ಇದೆ.

ಯುರೋಪಿನಲ್ಲಿ ಮೊದಲು ಇಳಿದ ಷೆಂಗೆನ್ ದೇಶದಲ್ಲೇ ಇಮಿಗ್ರೇಷನ್. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಇಇಎಸ್ ವ್ಯವಸ್ಥೆಯಲ್ಲಿ ಮುದ್ರೆಯ ಬದಲು ಮುಖದ ಚಿತ್ರ ತೆಗೆದು ಪ್ರವೇಶವನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಮೊದಲ ಸಲ ಹೋಗುವಾಗ ಸಾಲು ನಿಧಾನವಾಗಬಹುದು. ಮುಂದಿನ ವಿಮಾನಕ್ಕೆ ಕನಿಷ್ಠ ಎರಡೂವರೆ ಗಂಟೆ ಅಂತರ ಇಟ್ಟುಕೊಳ್ಳಿ. ಆಹ್ವಾನ ಪತ್ರ, ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಇವುಗಳ ಕಾಗದದ ಪ್ರತಿ ಕೈಚೀಲದಲ್ಲೇ ಇರಲಿ. ಮೊಬೈಲ್ ಚಾರ್ಜ್ ಮುಗಿಯಲು ಸರಿಯಾದ ಹೊತ್ತು ಆರಿಸಿಕೊಳ್ಳುವುದರಲ್ಲಿ ನಿಸ್ಸೀಮ.

ಫ್ರಾಂಕ್‌ಫರ್ಟ್‌ನಿಂದ ರೈಲೇ ಹಿತ ಎಂಬುದು ನಮ್ಮ ಅಭಿಪ್ರಾಯ. ಟರ್ಮಿನಲ್ 1ಕ್ಕೆ ಅಂಟಿಕೊಂಡಂತೆ ದೂರದ ರೈಲುಗಳ ನಿಲ್ದಾಣ ಇದೆ, ಹೆಸರು ಫೆರ್ನ್‌ಬಾನ್‌ಹೋಫ್. ಲೋಕಲ್ ರೈಲುಗಳ ನಿಲ್ದಾಣ ಬೇರೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಹ್ಯಾನೋವರ್‌ಗೆ ಐಸಿಇಯಲ್ಲಿ ಎರಡೂವರೆಯಿಂದ ಮೂರು ಗಂಟೆ. ದೊಡ್ಡ ಮೇಳಗಳ ದಿನ ಹಲವು ಐಸಿಇಗಳು ಮೆಸ್ಸೆ/ಲಾಟ್ಸೆನ್‌ನಲ್ಲೂ ನಿಲ್ಲುತ್ತವೆ.

ರೈಲು ಟಿಕೆಟ್‌ನಲ್ಲಿ ಎರಡು ಬಗೆ. ಅಗ್ಗದ ಷ್ಪಾರ್‌ಪ್ರೈಸ್ ಬುಕ್ ಮಾಡಿದ ರೈಲಿಗೆ ಮಾತ್ರ ನಡೆಯುತ್ತದೆ. ದುಬಾರಿಯ ಫ್ಲೆಕ್ಸ್‌ಪ್ರೈಸ್ ಆ ದಿನದ ಯಾವ ರೈಲಿಗಾದರೂ ಸರಿ. ವಿಮಾನ ಇಳಿದು ಹತ್ತುವ ರೈಲಿಗೆ ಫ್ಲೆಕ್ಸ್‌ಪ್ರೈಸ್ ತೆಗೆದುಕೊಳ್ಳಿ, ವಾಪಸ್ ಬರುವಾಗ ಬೇಕಾದರೆ ಷ್ಪಾರ್‌ಪ್ರೈಸ್. ಸೀಟು ಕಾಯ್ದಿರಿಸುವುದು ಟಿಕೆಟ್‌ನಲ್ಲಿ ಸೇರಿಲ್ಲ, ಮೇಳದ ವಾರ ಅದನ್ನೂ ಮಾಡಿಸಿ. ಜರ್ಮನ್ ರೈಲೆಂದರೆ ಗಡಿಯಾರ ಎಂಬ ಮಾತು ಹಳೆಯದಾಯಿತು. ಗುರಿ ತಲುಪುವುದು 20 ನಿಮಿಷ ಅಥವಾ ಹೆಚ್ಚು ತಡವಾಗುತ್ತದೆ ಎಂದು ಗೊತ್ತಾದರೆ ಷ್ಪಾರ್‌ಪ್ರೈಸಿನ ಕಟ್ಟು ಬಿಡುತ್ತದೆ, ಬೇರೆ ರೈಲು ಹತ್ತಬಹುದು. 60 ನಿಮಿಷ ತಡವಾದರೆ ದರದ ಶೇ 25, 120 ನಿಮಿಷವಾದರೆ ಶೇ 50 ಪರಿಹಾರ ಕೇಳಬಹುದು. ವಾಪಸ್ ವಿಮಾನದ ದಿನ ಮಾತ್ರ ಲೆಕ್ಕದ ರೈಲಿಗಿಂತ ಎರಡು ರೈಲು ಮುಂಚಿನದನ್ನೇ ಹಿಡಿಯಿರಿ.

ದುಡ್ಡು, ಫೋನು

ಯುಪಿಐ ನಂಬಿ ಹೋಗಬೇಡಿ. ಒಂದು ಫಾರೆಕ್ಸ್ ಕಾರ್ಡ್, ಒಂದು ಕ್ರೆಡಿಟ್ ಕಾರ್ಡ್, ಜೊತೆಗೆ 200–300 ಯುರೊ ನಗದು, ಅದೂ 10, 20ರ ನೋಟುಗಳಲ್ಲಿ. ಚಿಕ್ಕ ಬೇಕರಿಯಲ್ಲಿ 100ರ ನೋಟು ಚಾಚಿದರೆ ಮುಖ ನೋಡುತ್ತಾರೆ. ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮುಂಚೆಯೇ ಆನ್ ಮಾಡಿ. ಅಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ ಯುರೊವೋ’ ಎಂದು ಕೇಳಿದರೆ ಯುರೊ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರ, ಮೋಸವಲ್ಲದಿದ್ದರೂ ನಷ್ಟ ಖಂಡಿತ.

ಭಾರತದಿಂದ ಪ್ರತಿ ಪ್ರಯಾಣಕ್ಕೆ 3,000 ಡಾಲರ್ ಬೆಲೆಯ ವಿದೇಶಿ ನೋಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ರೂಪಾಯಿ 25,000ದವರೆಗೆ. ಕಂಪನಿ ಖರ್ಚಿನ ಪ್ರಯಾಣವಾದರೆ ವಿದೇಶಿ ಹಣವನ್ನು ಕಂಪನಿ ಖಾತೆಯಿಂದಲೇ ಕೊಳ್ಳಿ. ಆಗ ಅದು ಒಬ್ಬ ವ್ಯಕ್ತಿ ವರ್ಷಕ್ಕೆ ಹೊರದೇಶಕ್ಕೆ ಕಳಿಸಬಹುದಾದ ಹಣದ ಮಿತಿಗೆ, ಅಂದರೆ ನಿಮ್ಮ ವೈಯಕ್ತಿಕ ಎಲ್‌ಆರ್‌ಎಸ್ ಮಿತಿಗೆ ಸೇರುವುದಿಲ್ಲ.

ಜರ್ಮನಿಯಲ್ಲಿ ಪ್ರಿಪೇಯ್ಡ್ ಸಿಮ್‌ಗೆ ಗುರುತಿನ ಪರಿಶೀಲನೆ ಮಾಡಿಸಬೇಕು, ಅರ್ಧ ದಿನ ಹೋದರೂ ಹೋಯಿತು. ಇಲ್ಲಿಂದಲೇ ಇ-ಸಿಮ್ ಹಾಕಿಸಿಕೊಂಡು ಹೋಗಿ. ಬ್ಯಾಂಕಿನ ಒಟಿಪಿಗೆ ಭಾರತದ ಸಿಮ್ ರೋಮಿಂಗ್‌ನಲ್ಲಿ ಜೀವಂತ ಇರಲಿ. ಪ್ಲಗ್: ನಮ್ಮ ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ಅಲ್ಲಿ ಹೊಂದುತ್ತದೆ, ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್‌ಗೆ ಅಡಾಪ್ಟರ್ ಬೇಕು. ವಿದ್ಯುತ್ 230 ವೋಲ್ಟ್, ನಮ್ಮಂತೆಯೇ.

ಸ್ಯಾಂಪಲ್ ಒಯ್ಯುವವರಿಗೆ

ಬಹಳ ಜನ ಕಾಸ್ಟಿಂಗ್ ತುಂಡನ್ನೋ ಗೇರನ್ನೋ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಸುತ್ತಿಟ್ಟು, ಸುಂಕದ ಮಾಲು ಇಲ್ಲದವರಿಗಾಗಿ ಇರುವ ಕಸ್ಟಮ್ಸ್‌ನ ಹಸಿರು ದಾರಿಯಲ್ಲಿ ಹೊರಬರುತ್ತಾರೆ. ಇದು ತಪ್ಪು. ವಿಮಾನದಲ್ಲಿ ಬರುವವರಿಗೆ ಇರುವ 430 ಯುರೊ ಸುಂಕ ವಿನಾಯಿತಿ ಸ್ವಂತ ಬಳಕೆಯ ವಸ್ತುಗಳಿಗೆ, ವ್ಯಾಪಾರದ ಮಾಲಿಗಲ್ಲ. ಮೇಳದಲ್ಲಿ ತೋರಿಸಿ ವಾಪಸ್ ತರುವ ಮಾಲಿಗೆ ಎಟಿಎ ಕಾರ್ನೆ ಎಂಬ ದಾಖಲೆ ಮಾಡಿಸಿ. ಭಾರತದಲ್ಲಿ ಇದನ್ನು ಕೊಡುವುದು ವಾಣಿಜ್ಯ ಮತ್ತು ಕೈಗಾರಿಕಾ ಸಂಘಗಳ ಒಕ್ಕೂಟವಾದ ಫಿಕ್ಕಿ. ಒಂದು ವರ್ಷದವರೆಗೆ ಚಾಲ್ತಿ, ಸುಂಕ ಕಟ್ಟದೆ ಒಯ್ದು ತರಬಹುದು. ಬೆಂಗಳೂರಿನಲ್ಲಿ ಹೊರಡುವಾಗ, ಯುರೋಪಿನಲ್ಲಿ ಒಳಗೆ ಹೋಗುವಾಗ, ಅಲ್ಲಿಂದ ಹೊರಬರುವಾಗ, ಮತ್ತೆ ಬೆಂಗಳೂರಿನಲ್ಲಿ, ಹೀಗೆ ನಾಲ್ಕೂ ಕಡೆ ಕಸ್ಟಮ್ಸ್ ಮುದ್ರೆ ಬೀಳಬೇಕು. ಒಂದು ತಪ್ಪಿದರೂ ಆಮೇಲೆ ಸುಂಕದ ನೋಟಿಸು ಬರುತ್ತದೆ. ಕಾರ್ನೆಯಲ್ಲಿ ಒಯ್ದ ಮಾಲನ್ನು ಗಿರಾಕಿ ಇಷ್ಟಪಟ್ಟರೆಂದು ಅಲ್ಲೇ ಕೊಟ್ಟುಬರುವಂತಿಲ್ಲ.

ಡ್ರಿಲ್, ಎಂಡ್‌ಮಿಲ್‌ನಂಥ ಚೂಪಿನ ಟೂಲು ಚೆಕ್-ಇನ್ ಬ್ಯಾಗಿಗೆ. ಪವರ್‌ಬ್ಯಾಂಕ್ ಕೈಚೀಲಕ್ಕೆ ಮಾತ್ರ, 100 ವ್ಯಾಟ್-ಅವರ್ ಒಳಗಿನದು.

ಉಡುಗೊರೆಯಾಗಿ ಧಾರವಾಡ ಪೇಡ ಒಯ್ಯುವ ಆಸೆಯಿದ್ದರೆ ಬಿಟ್ಟುಬಿಡಿ. ಹೊರದೇಶದ ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ, ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿಗೂ ಇದೇ ಗತಿ. ಹಸಿ ಕರಿಬೇವೂ ಬೇಡ. ಚನ್ನಪಟ್ಟಣದ ಗೊಂಬೆ, ಪುಟ್ಟ ಬಿದರಿ ಸಾಮಾನು, ಗಂಧದ ಸಾಬೂನು ನಿರಾತಂಕ.

ಮೈದಾನದಲ್ಲಿ

ಹಾಲ್‌ಗಳ ನಂಬರ್ 27ರವರೆಗೆ ಹೋಗುತ್ತದೆ. ದಿನಕ್ಕೆ 10 ಕಿಲೋಮೀಟರ್ ನಡಿಗೆ ಸಾಮಾನ್ಯ. ಹೊಸ ಲೆದರ್ ಶೂ ಬೇಡ, ಒಂದು ತಿಂಗಳು ಹಾಕಿ ಪಳಗಿಸಿದ ಶೂ ಬೇಕು. ಏಪ್ರಿಲ್‌ನಲ್ಲಿ ಬೆಳಿಗ್ಗೆ 4–5 ಡಿಗ್ರಿಗೆ ಇಳಿಯುತ್ತದೆ, ಮಳೆಯೂ ಬರಬಹುದು. ಹಾಲ್ ಒಳಗೆ ಮಾತ್ರ ಬೆಚ್ಚಗಿರುತ್ತದೆ. ಒಂದೇ ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಪದರ ಮೇಲು, ಜಾಕೆಟ್ಟನ್ನು ಬಾಗಿಲ ಬಳಿ ಕೋಟು ಇಟ್ಟುಕೊಳ್ಳುವ ಗಾರ್ಡೆರೋಬೆ ಕೌಂಟರಿನಲ್ಲಿ ಕೊಟ್ಟು ಚೀಟಿ ಪಡೆಯಿರಿ.

ಯಾವ ಬಾಗಿಲಿನಿಂದ ಹೋಗಬೇಕೆಂದು ಹಿಂದಿನ ರಾತ್ರಿಯೇ ನಕ್ಷೆ ನೋಡಿ. ಮುಖ್ಯ ರೈಲು ನಿಲ್ದಾಣದಿಂದ 8 ಅಥವಾ 18ನೇ ಟ್ರಾಮ್ ಹಿಡಿದರೆ ಮೆಸ್ಸೆ/ನೋರ್ಡ್, ಅಂದರೆ ಉತ್ತರದ ಬಾಗಿಲು, ಸುಮಾರು 20 ನಿಮಿಷ. 6 ಅಥವಾ 16ನೆಯದು ಪೂರ್ವದ ಮೆಸ್ಸೆ/ಓಸ್ಟ್‌ಗೆ ಹೋಗುತ್ತದೆ, ಆದರೆ ಮುಖ್ಯ ರೈಲು ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಲಾಟ್ಸೆನ್ ರೈಲು ನಿಲ್ದಾಣದಿಂದ ಸ್ಕೈವಾಕ್ ಎಂಬ ಮುಚ್ಚಿದ ಮೇಲ್ಸೇತುವೆ ಪಶ್ಚಿಮದ ಬಾಗಿಲಿಗೆ ತಲುಪಿಸುತ್ತದೆ. ತಪ್ಪು ಬಾಗಿಲಲ್ಲಿ ಇಳಿದರೆ 20 ನಿಮಿಷ ನಡಿಗೆ, ಮೊದಲ ಭೇಟಿಯೇ ತಡ. ನಿಮ್ಮ ಮೇಳದ ಟಿಕೆಟ್‌ನಲ್ಲಿ ಟ್ರಾಮ್ ಪ್ರಯಾಣ ಸೇರಿದೆಯೇ ಓದಿಕೊಳ್ಳಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯುರೊ ದಂಡ, ‘ಗೊತ್ತಿರಲಿಲ್ಲ’ ಎಂದರೆ ಕೇಳುವವರಿಲ್ಲ.

ಭೇಟಿಗಳನ್ನು 4–6 ವಾರ ಮೊದಲೇ ಇಮೇಲ್‌ನಲ್ಲಿ ನಿಗದಿ ಮಾಡಿ. ಸ್ಟಾಲಿಗೆ ಸುಮ್ಮನೆ ಹೋಗಿ ನಿಂತರೆ ಬ್ರೋಷರ್ ಸಿಗುತ್ತದೆ, ಖರೀದಿ ವಿಭಾಗದ ಮನುಷ್ಯ ಸಿಗುವುದಿಲ್ಲ. ಎರಡು ಭೇಟಿಗಳ ನಡುವೆ 45 ನಿಮಿಷ ಬಿಡಿ, ದಿನಕ್ಕೆ ಐದಾರು ಸಾಕು. 10 ಗಂಟೆ ಎಂದರೆ 9.55ಕ್ಕೆ ಅಲ್ಲಿರಬೇಕು. ದರ, ಡೆಲಿವರಿ ದಿನ, ಟಾಲರೆನ್ಸ್ ಕೇಳಿದಾಗ ‘ನೋಡೋಣ, ಆಗುತ್ತೆ’ ಎನ್ನುವುದು ನಮ್ಮಲ್ಲಿ ಸೌಜನ್ಯ, ಅಲ್ಲಿ ಅದನ್ನು ಭರವಸೆ ಎಂದೇ ಬರೆದುಕೊಳ್ಳುತ್ತಾರೆ. ಆಗದ್ದನ್ನು ಆಗದು ಎಂದುಬಿಡಿ.

ಊಟ

ಭಾನುವಾರ ಇಳಿಯುವವರು ಗಮನಿಸಿ: ಅಂದು ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳಷ್ಟೇ ಗತಿ. ಮೊದಲ ರಾತ್ರಿಗೆ ಅವಲಕ್ಕಿ, ಚಟ್ನಿಪುಡಿ ಇದ್ದರೆ ಬಚಾವ್. ಸಸ್ಯಾಹಾರಿಗಳು ‘ವೆಗೆಟಾರಿಷ್’ ಎಂಬ ಪದ ಕಲಿಯಿರಿ, ಮೆನುವಿನಲ್ಲಿ ಷಿಂಕೆನ್, ಷ್ಪೆಕ್, ಷ್ಮಾಲ್ಟ್ಸ್ ಎಂದಿದ್ದರೆ ಮೂರೂ ಹಂದಿಯ ಬಾಬತ್ತು. ಆಲೂಗಡ್ಡೆ ಸಲಾಡಿನಲ್ಲೂ ಷ್ಪೆಕ್ ಚೂರುಗಳು ಅಡಗಿರುತ್ತವೆ. ಏಪ್ರಿಲ್ ನಡುವಿನಿಂದ ಆ ಸೀಮೆಯಲ್ಲಿ ಬಿಳಿ ಆಸ್ಪರಾಗಸ್ ಸುಗ್ಗಿ. ಬೇಯಿಸಿದ ಆಲೂಗಡ್ಡೆ ಜೊತೆ ಬರುತ್ತದೆ, ಮೇಲಿನ ಸಾಸ್‌ನಲ್ಲಿ ಮೊಟ್ಟೆ ಇರುತ್ತದೆ. ನಲ್ಲಿ ನೀರು ಕುಡಿಯಬಹುದು. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ವಾಪಸ್.

ಎಡವಟ್ಟಾದರೆ

ಆಂಬುಲೆನ್ಸ್, ಅಗ್ನಿಶಾಮಕ ದಳಕ್ಕೆ 112, ಪೊಲೀಸರಿಗೆ 110. ಪ್ರಾಣಾಪಾಯವಲ್ಲದ ಕಾಯಿಲೆಗೆ ರಾತ್ರಿ, ರಜಾದಿನ 116117. ಆಂಟಿಬಯಾಟಿಕ್ ಅಲ್ಲಿ ಚೀಟಿಯಿಲ್ಲದೆ ಸಿಗದು, ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ, ನಾಲ್ಕು ದಿನಕ್ಕೆ ಹೆಚ್ಚೇ ಒಯ್ಯಿರಿ.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರಿನ ಪ್ರತಿ, ಆಮೇಲೆ ಹ್ಯಾಂಬರ್ಗ್‌ನ ಭಾರತೀಯ ಕಾನ್ಸುಲೇಟ್. ಹ್ಯಾನೋವರ್ ಇರುವ ಲೋವರ್ ಸ್ಯಾಕ್ಸನಿ ರಾಜ್ಯ ಅದರ ವ್ಯಾಪ್ತಿಗೆ ಸೇರಿದೆ, ಬರ್ಲಿನ್‌ಗೆ ಓಡಬೇಡಿ. ಅಲ್ಲಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ವಾಪಸ್ ಬರಲು ಮಾತ್ರ ಆಗುತ್ತದೆ, ಉಳಿದ ದೇಶಗಳ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಪಾಸ್‌ಪೋರ್ಟ್, ವೀಸಾ ಪುಟದ ಫೋಟೊ ಇಮೇಲ್‌ನಲ್ಲಿ ಇದ್ದರೆ ಅರ್ಧ ಕೆಲಸ ಆದಂತೆ.

ಊರಿಗೆ ಬಂದ ಮೇಲೆ ಉಳಿದ ವಿದೇಶಿ ನೋಟುಗಳನ್ನು 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಿ, 2,000 ಡಾಲರ್ ಬೆಲೆಯವರೆಗೆ ಇಟ್ಟುಕೊಳ್ಳಬಹುದು. ಸ್ಟಾಲು ಹಾಕಿದ್ದವರಿಗೆ ಕೆಲವು ವಾರದಲ್ಲಿ ಒಂದು ನಮೂನೆ ಬರಬಹುದು: ‘ಮೇಳದ ಡೈರೆಕ್ಟರಿಯಲ್ಲಿ ನಿಮ್ಮ ವಿವರ ಸರಿಯಿದೆಯೇ ನೋಡಿ ಸಹಿ ಮಾಡಿ ಕಳಿಸಿ.’ ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ ಹಲವು ವರ್ಷದ ಜಾಹೀರಾತು ಒಪ್ಪಂದವೂ, ವರ್ಷಕ್ಕೆ ಸಾವಿರಾರು ಯುರೊ ಶುಲ್ಕವೂ ಅಡಗಿರುತ್ತವೆ. ಮೇಳದ ಆಯೋಜಕರಿಂದಲೇ ಬಂದದ್ದೆಂದು ಖಾತ್ರಿಯಾಗದ ಯಾವ ಕಾಗದಕ್ಕೂ ಆಫೀಸಿನಲ್ಲಿ ಯಾರೂ ಸೀಲು ಒತ್ತದಂತೆ, ಹೊರಡುವ ಮುಂಚೆಯೇ ಅಕೌಂಟ್ಸ್‌ನವರಿಗೆ ಹೇಳಿಟ್ಟು ಹೋಗಿ.